ನೆರೆ ಸ್ಮಾರಕ: ಎರಿ ಭೂಮಿಯೊಳಗ ಕಲ್ಲು ಹೆಂಗ ನಿಲ್ಲಿಸಬೇಕು?

ಹೊಳಿದಂಡಿ:
ಬಾದಾಮಿ ತಾಲೂಕು, ಮಲಪ್ರಭಾ ದಂಡಿ ಊರು. 2009 ಮತ್ತ 2019ರ ನೆರೆಯೊಳಗ ತೀರಿಕೊಂಡವರ ಹೆಸರು ಕೊರಿಸಿ ಕಲ್ಲು ನಿಲ್ಲಿಸಾಕ ಪಂಚಾಯ್ತಿ ಠರಾವು ಆಗೇತಿ. 6 ಅಡಿ ಎತ್ತರ, 3 ಅಡಿ ಅಗಲ, 4 ಇಂಚು ದಪ್ಪ. ಬಾದಾಮಿ ಕೆಂಪುಕಲ್ಲು (ಮರಳುಗಲ್ಲು) ಛಲೋನೋ, ಇಳಕಲ್ ಗ್ರಾನೈಟೋ? ಬುನಾದಿ ಎಷ್ಟು ಆಳ? ಹಳೇ ಊರಾಗೋ, ನೆರೆ ಸಂತ್ರಸ್ತರಿಗೆ ಕಟ್ಟಿಸಿದ ಆಸರೆ ಮನಿಗಳ ಹತ್ರನೋ?

ಗರಸು:
ಮೊದಲ ಬುನಾದಿ ನೋಡ್ರಿ. ಎರಿ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಗಿಗೆ ಬಿರಿತೈತಿ. 2 ಅಡಿ ತೆಗ್ಗಿನ್ಯಾಗ ಕಾಂಕ್ರೀಟ್ ಸುರುವಿದ್ರ ಕಲ್ಲು ವಾಲೋದು ಖರೆ. ಎರಿ ಕೆಳಗಿನ ಗಟ್ಟಿ ಗರಸು ಸಮೀಪ ಇದ್ರ ಅಲ್ಲಿತನಕ ತೋಡಿ ಬುನಾದಿ ಎಬ್ಬಿಸ್ರಿ. ಇಲ್ಲಂದ್ರ ಅಂಡರ್-ರೀಮ್ಡ್ ಪೈಲ್ (ಬುಡದಾಗ ಗುಂಡಾಗಿ ಅಗಲಿಸಿದ ಕಾಂಕ್ರೀಟ್ ಕಂಬ): ಕನಿಷ್ಠ 3.5 ಮೀಟರ್ ಆಳ, ಬುಡದ ಗುಂಡು ಕಂಬದ ಎರಡೂವರಿ ಪಟ್ಟು ಅಗಲ. ಪೈಲ್ ತಲಿ ಮ್ಯಾಲ ಕೂರೋ ಬೀಮಿನ ಕೆಳಗ 80 ಮಿ.ಮೀ. ಸಂದು ಖಾಲಿ ಇರಲಿ. ಅದನ್ನ ಮಣ್ಣಿನಿಂದ ಮುಚ್ಚಿದ್ರ, ಉಬ್ಬಿದ ಮಣ್ಣು ಬೀಮನ್ನ ಎತ್ತತೈತಿ.

ನಿಮ್ಮ ಕಲ್ಲು ಗ್ರಾನೈಟ್ ಆದ್ರ ಸುಮಾರು 450 ಕೆ.ಜಿ., ಚೈನ್ ಕಪ್ಪಿ ಬೇಕಾಗತೈತಿ. ಕಲ್ಲನ್ನ ಬುಡದ ಕಟ್ಟಿಗೆ ಹಿಡಿಸಾಕ ಕಬ್ಬಿಣದ ಸಳಿ ಬ್ಯಾಡ್ರಿ, ತುಕ್ಕು ಉಬ್ಬಿ ಕಲ್ಲು ಸೀಳತೈತಿ. 316 ದರ್ಜೆಯ ಸ್ಟೇನ್‌ಲೆಸ್ ಸಳಿ ಹಾಕ್ರಿ.

ಉಳಿ-ಚಾಣ:
ಕೆಂಪುಕಲ್ಲಿನ ಮ್ಯಾಲ ನಮಗೂ ಅಭಿಮಾನ ಐತಿ. ಐಹೊಳೆ ಮೇಗುತಿ ಗುಡಿಯ 634ರ ಶಾಸನ ಇನ್ನೂ ಉಳದೈತಿ. ಆದ್ರ ಅದು ಗುಡ್ಡದ ಮ್ಯಾಲಿನ ಗ್ವಾಡಿಯೊಳಗ. ಹೊಳಿ ದಂಡಿ ನೆಲಕ್ಕ ತಾಗಿಸಿ ನಿಲ್ಲಿಸಿದ ಮರಳುಗಲ್ಲು ತೇವ ಹೀರತೈತಿ, ಉಪ್ಪು ಏರಿ ಪದರ ಕಳಚತೈತಿ. ಹೆಸರಿಗೆ ಇಳಕಲ್ ಗ್ರಾನೈಟ್, ಸುತ್ತಲ ಕಟ್ಟಿಗೆ ಬೇಕಾದ್ರ ಕೆಂಪುಕಲ್ಲು.

ಅಕ್ಷರ ಒಂದೂಕಾಲು ಇಂಚು ಎತ್ತರ, 4 ಮಿ.ಮೀ. ಆಳ ಇರಲಿ. ಬಣ್ಣ ನಂಬಬ್ಯಾಡ್ರಿ, ಬಿಸಿಲಿಗೆ ಹೋಗತೈತಿ; ಆಳ ಇದ್ರ ನೆರಳಾ ಓದಸತೈತಿ. ನಮ್ಮ ಕಡೆ ಹೆಸರಂದ್ರ ಅಪ್ಪ, ಅವ್ವ, ಸಾಲುಸಾಲಿಗೂ ಒತ್ತಕ್ಷರ. ಸಾಲಿನ ನಡುವ ಅಕ್ಷರದಷ್ಟ ಜಾಗ ಬಿಡದಿದ್ರ ಒತ್ತು ಕೆಳಗಿನ ಹೆಸರಿಗೆ ಬಡಿತೈತಿ. ‘ನುಡಿ’ ತಂತ್ರಾಂಶದಾಗ ಟೈಪ್ ಮಾಡಿದ ಫೈಲನ್ನ ಯುನಿಕೋಡಿಗೆ ತಿರುವುವಾಗ ಒತ್ತು, ಅರ್ಕಾವತ್ತು ಕೆಡತಾವ. ಕೊರಿಯೋಕಿಂತ ಮೊದಲ ಪೂರ್ಣ ಅಳತಿಯ ಕಾಗದದ ಮ್ಯಾಲ ಮುದ್ರಿಸಿ, ಮನಿಮನಿಗೆ ಓದಿಸಿ ಸಹಿ ತಗೋರಿ. ಗ್ರಾನೈಟಿನ್ಯಾಗ ತಪ್ಪು ತಿದ್ದಾಕ ಬರೂದಿಲ್ಲ.

ನೆರೆಗುರುತು:
ಜಾಗದ ಮಾತು. ಹೆಸರಿನ ಕಲ್ಲು ಜನ ಇರೋ ಕಡೆ, ಆಸರೆ ಮನಿಗಳ ಹತ್ರ ಇರಲಿ. ಮುದುಕರು ದಿನಾ ಹೂ ಇಡಾಕ ನಡಕೊಂಡು ಹೋಗುವಂಗ. ಹಳೇ ಊರಾಗ ಬರೇ ನೀರಿನ ಮಟ್ಟದ ಕಂಬ ಸಾಕು. 2009, 2019 ಎರಡಕ್ಕೂ ಬ್ಯಾರೆ ಗೀಟು, ಇಸವಿ ಸಮೇತ. ನೆನಪಿನ ಮ್ಯಾಲ ಅಂದಾಜು ಗೀಟು ಎಳಿಬ್ಯಾಡ್ರಿ: ಉಳಿದ ಗ್ವಾಡಿಗಳ ಕಲೆ ನೋಡಿ, ಸರ್ವೇದವರಿಂದ ಬೆಂಚ್‌ಮಾರ್ಕ್‌ಗೆ (ಎತ್ತರ ಗೊತ್ತಿರೋ ಸರ್ವೇ ಗುರುತಿಗೆ) ಲೆವೆಲ್ ಹಾಯಿಸ್ರಿ. ಕಂಬ ಚಪ್ಪಟೆ ಇದ್ರ ಅದರ ಅಂಚು ಹರಿವಿಗೆ ಎದುರಾಗಿರಲಿ. ಅಗಲ ಮೈ ಎದುರಾದ್ರ ತೇಲಿಬರೋ ಮರ ಕೆಡವತೈತಿ.

ಪರಿಹಾರದ ಪಟ್ಟಿ ಒಂದನ್ನ ನಂಬಬ್ಯಾಡ್ರಿ. ಶವ ಸಿಗದವರ ಹೆಸರು ಅದರಾಗ ಬಿಟ್ಟುಹೋಗಿರಬಹುದು. ಹೆಣಮಕ್ಕಳ ಹೆಸರು "ಇಂಥವರ ಹೆಂಡತಿ" ಅಂತ ಅಲ್ಲ, ಅವರದ ಹೆಸರು ಕೊರಿಸ್ರಿ. ಕೆಳಗ ನಾಕೈದು ಸಾಲು ಖಾಲಿ ಬಿಡ್ರಿ, ತಡವಾಗಿ ಗೊತ್ತಾದವರಿಗೆ.