2009ರ ಶಿಕ್ಷೆಯನ್ನು ದಾಖಲೆಯಿಂದ ತೆಗೆಸಲು ದಾರಿ ಇದೆಯೇ?

ಬದುಪಕ್ಕದವನು:

ಊರು ಚಿಂತಾಮಣಿಗೆ ಹತ್ತಿರ, ಹೆಸರು ಬೇಡ. ನಮ್ಮದು ಎರಡೂಕಾಲು ಎಕರೆ ಹಿಪ್ಪುನೇರಳೆ ತೋಟ. 2006ರ ಯುಗಾದಿ ಕಳೆದ ಮರುವಾರ ಕೊಳವೆಬಾವಿಯ ಪೈಪನ್ನು ಬದು ದಾಟಿಸುವ ವಿಷಯಕ್ಕೆ ದೊಡ್ಡಪ್ಪನ ಮಗನ ಜೊತೆ ಜಗಳವಾಯಿತು. ನಾನು ಎರಡನೆಯ ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿ ಕುಳಿತಿದ್ದೆ, ಅಣ್ಣ ಕೂಗಿದ ಎಂದು ಓಡಿದೆ. ಅಣ್ಣ ಗುದ್ದಲಿಯ ಕಾವಿನಿಂದ ಹೊಡೆದ, ನಾನು ಕೈಗೆ ಸಿಕ್ಕ ಕಲ್ಲು ಬೀಸಿದೆ. ಯಾರ ಏಟಿಗೆ ಅವನ ತಲೆ ಒಡೆಯಿತೋ ಇಂದಿಗೂ ನನಗೆ ಗೊತ್ತಿಲ್ಲ. ಎಂಟು ಹೊಲಿಗೆ ಬಿದ್ದವು.

ಮೊದಲು ದಂಡ ಸಂಹಿತೆಯ 326ನೇ ಕಲಂ, ಅಂದರೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯ ಮಾಡಿದ್ದು, ಹಾಕಿದರು. ಇಬ್ಬರನ್ನೂ ಹನ್ನೊಂದು ದಿನ ಸಬ್ ಜೈಲಿನಲ್ಲಿ ಇಟ್ಟರು. 2009ರಲ್ಲಿ ಕೆಳಗಿನ ನ್ಯಾಯಾಲಯ 324ರ (ಅಂಥ ಆಯುಧದಿಂದ ಸಾಧಾರಣ ಗಾಯ) ಅಡಿ ಆರು ತಿಂಗಳು ಸಜೆ, ದಂಡ ಎಂದಿತು. ಮೇಲ್ಮನವಿಯಲ್ಲಿ 'ಅನುಭವಿಸಿದ ಸೆರೆವಾಸವೇ ಸಾಕು' ಎಂದು ದಂಡವನ್ನಷ್ಟೇ ಹೆಚ್ಚಿಸಿದರು. ಅಂದು ವಕೀಲರು 'ಕೇಸು ಮುಗಿಯಿತು, ಹೋಗಿ ಬೇಸಾಯ ಮಾಡಿ' ಎಂದರು. ನಾನೂ ಹಾಗೆಯೇ ನಂಬಿದೆ. ಆಮೇಲೆ ಡ್ರೈವಿಂಗ್ ಕಲಿತು ಟೊಮೆಟೊ ಲಾರಿ ಓಡಿಸಿದೆ, ಮದುವೆಯಾಯಿತು.

ಈಗ ಒಂದು ಶಾಲೆಯ ವಾಹನ ಓಡಿಸುವ ಕೆಲಸ ಸಿಕ್ಕಿದೆ. ರಾತ್ರಿಯೆಲ್ಲ ಚೆನ್ನೈ ರಸ್ತೆಯಲ್ಲಿ ಕಣ್ಣು ಕೆಂಪಾಗಿಸಿಕೊಳ್ಳುವುದಕ್ಕಿಂತ ಇದು ಲೇಸು. ಆದರೆ ಪೊಲೀಸ್ ಪರಿಶೀಲನಾ ಪತ್ರ ಬೇಕಂತೆ. ಅರ್ಜಿಯಲ್ಲಿ 'ಯಾವುದೇ ಅಪರಾಧಕ್ಕೆ ಶಿಕ್ಷೆಯಾಗಿದೆಯೇ?' ಎಂಬ ಸಾಲಿನ ಮುಂದೆ ಪೆನ್ನು ನಿಂತುಬಿಟ್ಟಿತು. ಒಬ್ಬ ಮಧ್ಯವರ್ತಿ 35 ಸಾವಿರ ಕೊಟ್ಟರೆ ಕಂಪ್ಯೂಟರಿನಿಂದಲೇ ಅಳಿಸಿ ಹಾಕಿಸುತ್ತೇನೆ ಎನ್ನುತ್ತಿದ್ದಾನೆ. ಕಾನೂನಿನಲ್ಲಿ ನಿಜವಾಗಿ ಅಳಿಸುವ ದಾರಿ ಇದೆಯೇ? ಜಗಳವಾಡಿದ ಅಣ್ಣತಮ್ಮಂದಿರು ಈಗ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತೇವೆ, ಅದರಿಂದ ಏನಾದರೂ ಉಪಯೋಗವಿದೆಯೇ?

ತುಮಕೂರು ಬಸ್ಸು:

'ಇಲ್ಲ' ಎಂದು ಬರೆದು ಕೊಡಿ. ಹಬ್ಬದಲ್ಲಿ ಇಸ್ಪೀಟು ಆಡಿ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡು 200 ರೂಪಾಯಿ ದಂಡ ಕಟ್ಟಿದವನು ನಾನು. ಎಲ್ಲ ಕಡೆ 'ಇಲ್ಲ' ಎಂದೇ ಬರೆದಿದ್ದೇನೆ, ಯಾರೂ ಕೇಳಿಲ್ಲ.

ಕೋಲಾರದ ವಕೀಲೆ:

ತುಮಕೂರಿನವರೇ, ನಿಮ್ಮನ್ನು ಯಾರೂ ಕೇಳದಿರುವುದು ನಿಮ್ಮ ಅದೃಷ್ಟ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೂ ಅದು ದೋಷಿ ಎಂಬ ತೀರ್ಪೇ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೋಡಿ. ಯೌವನದ ಸಣ್ಣ ತಪ್ಪನ್ನು ಉದ್ಯೋಗದಾತ ಮನ್ನಿಸಬಹುದು, ಆದರೆ ಬೇಕೆಂದೇ ಮುಚ್ಚಿಟ್ಟದ್ದೇ ಕೆಲಸ ಕಳೆಯುವ ಕಾರಣವಾಗಬಹುದು. ಅದು ಸರ್ಕಾರಿ ನೌಕರಿಯ ಪ್ರಕರಣ, ಆದರೂ ಖಾಸಗಿಯವರು ಅದಕ್ಕಿಂತ ಉದಾರಿಗಳು ಎಂದುಕೊಳ್ಳಬೇಡಿ.

ಬದುಪಕ್ಕದವರೇ, ಅಮೆರಿಕದಲ್ಲಿರುವಂತೆ ಅರ್ಜಿ ಹಾಕಿ ಇಷ್ಟು ವರ್ಷವಾಯಿತು, ಅಳಿಸಿ ಎಂದು ಕೇಳುವ ಕಾನೂನು ವಯಸ್ಕರಿಗೆ ನಮ್ಮಲ್ಲಿ ಇಲ್ಲ. ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾಳೆ ಇನ್ನೊಂದು ಕೇಸು ಬೀಳುತ್ತದೆ, ಅದಕ್ಕೆ ಕಾರಣ ನೀವೇ ಆಗಿರುತ್ತೀರಿ.

ಮೇಲ್ಮನವಿಯ ಆದೇಶ ಹುಡುಕಿ ಅದರಲ್ಲಿ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ ಹೆಸರು ಇದೆಯೇ ನೋಡಿ. ಜೈಲಿಗೆ ಕಳಿಸದೆ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮುಚ್ಚಳಿಕೆಯ ಮೇಲೋ ಬಿಡುವ ಕಾಯ್ದೆ ಅದು. ಆ ಕಾಯ್ದೆಯ 3 ಅಥವಾ 4ನೇ ಕಲಮಿನ ಅಡಿ ಬಿಟ್ಟಿದ್ದರೆ, 12ನೇ ಕಲಮಿನ ಪ್ರಕಾರ ಶಿಕ್ಷೆಗೆ ಅಂಟಿದ ಅನರ್ಹತೆ ನಿಮಗೆ ತಟ್ಟುವುದಿಲ್ಲ. 'ಅನುಭವಿಸಿದ ಸೆರೆವಾಸ ಸಾಕು' ಎಂದಷ್ಟೇ ಇದ್ದರೆ ಈ ಬಾಗಿಲು ಮುಚ್ಚಿದೆ. ರಾಜ್ಯಪಾಲರ ಕ್ಷಮಾದಾನ 161ನೇ ವಿಧಿಯಲ್ಲಿದೆ, ಆದರೆ ನಿಮ್ಮಂಥ ಪ್ರಕರಣಕ್ಕೆ ಆ ದಾರಿಯಲ್ಲಿ ಚಪ್ಪಲಿ ಸವೆಸುವುದು ವ್ಯರ್ಥ.

ರಾಜಿಯ ವಿಷಯ ಬೇರೆ. 324 ಈಗ ರಾಜಿಯಾಗಬಲ್ಲ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ಆದರೆ 2021ರ ರಾಮಗೋಪಾಲ್ ಪ್ರಕರಣದಲ್ಲಿ, ಅದರ ಜೊತೆಗೇ ಕರ್ನಾಟಕದ ಒಂದು ಮೇಲ್ಮನವಿಯೂ ಇತ್ತು, ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ: ಘೋರವಲ್ಲದ, ಹೆಚ್ಚಾಗಿ ಖಾಸಗಿ ಸ್ವರೂಪದ ಅಪರಾಧವಾದರೆ, ವಿಚಾರಣೆ ಮುಗಿದು ಮೇಲ್ಮನವಿ ವಜಾ ಆಗಿದ್ದರೂ ಹೈಕೋರ್ಟ್ ತನ್ನ ಅಂತರ್ಗತ ಅಧಿಕಾರದಿಂದ ಪ್ರಕರಣವನ್ನು ರದ್ದುಪಡಿಸಬಹುದು. ಈ ಅಧಿಕಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಂ ಎನ್ನುತ್ತಿದ್ದುದು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಂ. ಏಟು ತಿಂದವರು ಸ್ವಂತ ಮನಸ್ಸಿನಿಂದ ಒಪ್ಪಿದ್ದಾರೆ ಎಂಬುದು ನ್ಯಾಯಮೂರ್ತಿಗಳಿಗೆ ಮನವರಿಕೆಯಾಗಬೇಕು. ಆಗಿಯೇ ತೀರುತ್ತದೆ ಎಂದು ಹೇಳಲಾರೆ.

ನಿವೃತ್ತ ಶಿರಸ್ತೇದಾರ:

ವಕೀಲರು ಬಾಗಿಲುಗಳನ್ನೆಲ್ಲ ಎಣಿಸಿದರು, ಹುಡುಗನ ವಯಸ್ಸನ್ನು ಮಾತ್ರ ಕೇಳಲಿಲ್ಲ. ಎರಡನೆಯ ಪಿಯುಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದವನಿಗೆ ಎಷ್ಟು ವಯಸ್ಸು? ಆರೋಪಪಟ್ಟಿಯಲ್ಲಿ ಎಷ್ಟು ಬರೆದಿದ್ದಾರೆ? ಮೂವತ್ತು ವರ್ಷ ಆರೋಪಪಟ್ಟಿ ತಿರುವಿದವನು ನಾನು. ಮೀಸೆ ಚಿಗುರಿದ ಹುಡುಗರಿಗೆಲ್ಲ 'ಸುಮಾರು 19 ವರ್ಷ' ಎಂದು ಕಣ್ಣಳತೆಯಲ್ಲಿ ಬರೆದದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ಇನ್ನೊಂದು ಮಾತು. ಘಟನೆ ನಡೆದಾಗ ಚಿಂತಾಮಣಿ ಕೋಲಾರ ಜಿಲ್ಲೆಯಲ್ಲಿತ್ತು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮೇಲ್ಮನವಿಯ ತೀರ್ಪಿನ ಮೇಲೆ ಯಾವ ನ್ಯಾಯಾಲಯದ ಮೊಹರು ಇದೆ ಎಂದು ನೋಡಿಕೊಂಡೇ ನಕಲು ಅರ್ಜಿ ಹಾಕಿ. ಇಲ್ಲದಿದ್ದರೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಬಸ್ಸಿನಲ್ಲೇ ವರ್ಷ ಕಳೆಯುತ್ತೀರಿ. ಅವಧಿ ಮುಗಿದ ಕಡತಗಳನ್ನು ನಾಶ ಮಾಡುವ ಕ್ರಮವೂ ಇದೆ, ತಡ ಮಾಡಬೇಡಿ.

ಬದುಪಕ್ಕದವನು:

ಸ್ವಾಮಿ, ಟ್ರಂಕು ತೆಗೆದು ನೋಡಿದೆ. ಆರೋಪಪಟ್ಟಿಯಲ್ಲಿ ನನಗೆ 19, ಅಣ್ಣನಿಗೆ 25. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಜನ್ಮದಿನ 1-6-1988. ಲೆಕ್ಕ ಹಾಕಿದರೆ ಅಂದು ಹದಿನೆಂಟಕ್ಕೆ ಎರಡು ತಿಂಗಳು ಕಡಿಮೆ. ಆದರೆ ಮುಚ್ಚಿಡುವುದೇಕೆ, ಆ ಜೂನ್ ಒಂದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ನಮ್ಮ ತರಗತಿಯಲ್ಲಿ ಒಂಬತ್ತು ಮಂದಿ ಜೂನ್ ಒಂದರಂದೇ ಹುಟ್ಟಿದವರು! ಅಮ್ಮನನ್ನು ಕೇಳಿದರೆ 'ರಾಗಿ ಕಟಾವು ಮುಗಿದು ಕಣ ಮಾಡುವಾಗ' ಎನ್ನುತ್ತಾಳೆ, ಯಾವ ವರ್ಷ ಎಂದು ಹೇಳಲಾರಳು.

ಕೋಲಾರದ ವಕೀಲೆ:

ಶಿರಸ್ತೇದಾರರಿಗೆ ನಮಸ್ಕಾರ, ನಾನು ನಿಜಕ್ಕೂ ಕೇಳಬೇಕಿತ್ತು.

ಇದು ನಿಮ್ಮ ಇಡೀ ಪ್ರಕರಣವನ್ನೇ ಬದಲಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 9ನೇ ಕಲಮಿನ ಪ್ರಕಾರ 'ಘಟನೆಯ ದಿನ ನಾನು ಬಾಲಕನಾಗಿದ್ದೆ' ಎಂಬ ವಾದವನ್ನು ಯಾವ ನ್ಯಾಯಾಲಯದ ಮುಂದೆಯಾದರೂ, ಯಾವ ಹಂತದಲ್ಲಾದರೂ ಎತ್ತಬಹುದು. ಪ್ರಕರಣ ಅಂತಿಮವಾಗಿ ಮುಗಿದಿದ್ದರೂ, ನಿಮ್ಮ ಕೂದಲು ನೆರೆತಿದ್ದರೂ ಸರಿಯೇ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಾಲು ಶತಮಾನ ಜೈಲಿನಲ್ಲಿದ್ದ ಒಬ್ಬ ಕೊಲೆ ಅಪರಾಧಿಯನ್ನು ಇದೇ ಕಾರಣಕ್ಕೆ ಬಿಡುಗಡೆ ಮಾಡಿತು. ಘಟನೆಯ ದಿನ ಅವನಿಗೆ ಹದಿನಾಲ್ಕು ವರ್ಷ.

ಜೂನ್ ಒಂದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವಯಸ್ಸು ನಿರ್ಧರಿಸಲು ಅದೇ ಕಾಯ್ದೆಯ 94ನೇ ಕಲಂ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರವನ್ನು. ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ಆ ಪಟ್ಟಿಯಲ್ಲಿ ಆಧಾರ್ ಇಲ್ಲ. ದಾಖಲೆ ಕೃತಕವಾಗಿ ತಯಾರಿಸಿದ್ದೆಂದು ಕಾಣದ ಹೊರತು ಅದರ ಬೇರು ಕೆದಕುತ್ತ ಕೂರಬಾರದು ಎಂದು 2012ರ ಅಶ್ವನಿ ಕುಮಾರ್ ಸಕ್ಸೇನಾ ತೀರ್ಪು ಹೇಳುತ್ತದೆ. ನಿಮ್ಮ ಅಂಕಪಟ್ಟಿ ಜಗಳಕ್ಕೆ ಮೊದಲಿನದು, ಕೇಸಿಗಾಗಿ ಹುಟ್ಟಿಕೊಂಡದ್ದಲ್ಲ. ಅಮ್ಮನ ರಾಗಿ ಕಣದ ಲೆಕ್ಕವನ್ನು ಕೇಳಿದರೆ ಮಾತ್ರ ಹೇಳಿ. ಕೇಳಿದಾಗ ಸುಳ್ಳು ಬೇಡ.

ಬಾಲಕನೆಂದು ತೀರ್ಮಾನವಾದರೆ ವಿಧಿಸಿದ ಶಿಕ್ಷೆಗೆ ಬೆಲೆ ಇರುವುದಿಲ್ಲ, ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಕಲ್ಲು ಬೀಸಿದ್ದು ಹೌದು ಎಂಬ ನಿರ್ಣಯ ಉಳಿಯಬಹುದು. ಆದರೆ 24ನೇ ಕಲಂ ಅದರಿಂದ ಬರುವ ಅನರ್ಹತೆಯನ್ನು ತೆಗೆಯುತ್ತದೆ, ದಾಖಲೆಗಳನ್ನು ನಾಶಪಡಿಸಲು ಆದೇಶಿಸಬೇಕು ಎನ್ನುತ್ತದೆ. ನಮ್ಮ ದೇಶದಲ್ಲಿ 'ಅಳಿಸುವುದು' ಎನ್ನಬಹುದಾದದ್ದು ಇದೊಂದೇ. ಆದೇಶ ಕೈಗೆ ಬರುವ ತನಕ ಅರ್ಜಿಯಲ್ಲಿ 'ಇಲ್ಲ' ಎಂದು ಬರೆಯಬೇಡಿ.

ಅಣ್ಣನಿಗೆ ಈ ಬಾಗಿಲಿಲ್ಲ. ಅವರಿಗೆ ರಾಜಿಯ ದಾರಿಯೇ. ಶುಲ್ಕದ ಚಿಂತೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ನಿವೃತ್ತ ಶಿರಸ್ತೇದಾರ:

ಅಂಕಪಟ್ಟಿಯ ಜೊತೆ ಶಾಲೆಯ ದಾಖಲಾತಿ ವಹಿಯ ಉದ್ಧರಣವನ್ನೂ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಪಡೆಯಿರಿ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ. ಹದಿನೇಳರ ಹುಡುಗನನ್ನು ಹನ್ನೊಂದು ದಿನ ದೊಡ್ಡವರ ಜೈಲಿನಲ್ಲಿ ಇಟ್ಟರು, ಒಬ್ಬರೂ ಅಂಕಪಟ್ಟಿ ತಾ ಎನ್ನಲಿಲ್ಲ. ನನ್ನಂಥ ಗುಮಾಸ್ತರೂ ಅದರಲ್ಲಿ ಸೇರಿದ್ದೇವೆ.

ಬದುಪಕ್ಕದವನು:

ಸೋಮವಾರ ನಕಲು ಅರ್ಜಿ ಹಾಕಿ ಬಂದೆ. ಮೊಹರು ಕೋಲಾರದ್ದಲ್ಲ, ಒಂದು ಅಲೆದಾಟ ಉಳಿಯಿತು. ಶಾಲೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆದೇಶ ಬಂದ ಮೇಲೆ ಬನ್ನಿ, ಅಲ್ಲಿಯ ತನಕ ಬದಲಿ ಚಾಲಕನನ್ನು ಇಟ್ಟುಕೊಳ್ಳುತ್ತೇವೆ ಎಂದರು. ಎಷ್ಟು ದಿನ ಕಾಯುತ್ತಾರೋ, ಸದ್ಯಕ್ಕೆ ಲಾರಿ ಬಿಟ್ಟಿಲ್ಲ.

ಅಣ್ಣನ ಸಲುವಾಗಿ ದೊಡ್ಡಪ್ಪನ ಮಗನನ್ನು ಕೇಳಲು ನಾಚಿಕೆಯಾಗಿ ಎರಡು ದಿನ ಅವನ ಮನೆಯ ಮುಂದೆ ಸುಮ್ಮನೆ ಓಡಾಡಿದೆ. ಕೊನೆಗೆ ಅವನೇ ಕರೆದು ಏನು ವಿಷಯ ಎಂದ. ಹೇಳಿದೆ. ತಲೆಯ ಕಲೆಯ ಮೇಲೆ ಬೆರಳಾಡಿಸಿಕೊಂಡು, ಬೆಂಗಳೂರಿಗೆ ಬಂದು ಸಹಿ ಹಾಕುತ್ತೇನೆ, ಬಸ್ ಚಾರ್ಜು, ಊಟ ನಿಮ್ಮದು ಎಂದ. ಜಗಳಕ್ಕೆ ಕಾರಣವಾದ ಕೊಳವೆಬಾವಿ ಬತ್ತಿ ಹನ್ನೆರಡು ವರ್ಷವಾಯಿತು. ಪೈಪು ಮಾತ್ರ ಬದುವಿನ ಮೇಲೆ ಹಾಗೆಯೇ ಬಿದ್ದಿದೆ, ಇಬ್ಬರೂ ಮುಟ್ಟಿಲ್ಲ.