ಖಿನ್ನತೆಯ ಮಾತ್ರೆ ತಟ್ಟನೆ ಬಿಟ್ಟರೆ ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದೇಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಕ್ಕನಿಗೆ ಖಿನ್ನತೆಗೆ ಎಸಿಟಾಲೋಪ್ರಾಮ್ 10 ಮಿ.ಗ್ರಾಂ. ಕೊಟ್ಟಿದ್ದರು. ನಾಲ್ಕು ತಿಂಗಳು ತಗೊಂಡು, ಈಗ ಹುಷಾರಾಗಿದ್ದೀನಿ ಅಂತ ಶುಕ್ರವಾರ ತಾನೇ ನಿಲ್ಲಿಸಿದಳು. ಸೋಮವಾರದಿಂದ ತಲೆಸುತ್ತು, ಸುಮ್ಮಸುಮ್ಮನೆ ಅಳು. ಕಣ್ಣು ಆಚೀಚೆ ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತಂತೆ. ಮಾತ್ರೆ ಚಟವಾಗಿಬಿಟ್ಟಿದೆಯಾ? ಇಲ್ಲ, ಕಾಯಿಲೆ ತಿರುಗಿ ಬಂತಾ?

ಉತ್ತರ: ಮೊದಲು ಮಾತ್ರೆ ಹಾಳೆಯ ಹಿಂದೆ ಬರೆದದ್ದನ್ನು ಓದಿ. ಜೊತೆಗೆ ಆತಂಕ ಇಳಿಸಲು ಕೊಡುವ ಕ್ಲೋನಾಜೆಪಾಮ್ ಇದೆಯಾ? ನಮ್ಮಲ್ಲಿ ಎರಡೂ ಸೇರಿದ ಮಾತ್ರೆ ಬಳಕೆಯಲ್ಲಿದೆ. ಇದ್ದರೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ. ಅಭ್ಯಾಸ ಹತ್ತಿಸುವುದು ಅದು. ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು.

ಎಸಿಟಾಲೋಪ್ರಾಮ್ ಒಂದೇ ಆಗಿದ್ದರೆ ಇದು ಚಟವಲ್ಲ, ಕಾಯಿಲೆ ಮರಳಿದ್ದೂ ಅಲ್ಲದಿರಬಹುದು. ಸುಮಾರು 30 ಗಂಟೆಗೊಮ್ಮೆ ಈ ಔಷಧಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ತಿಂಗಳುಗಟ್ಟಲೆ ಹೊಂದಿಕೊಂಡಿದ್ದ ಮಿದುಳಿಗೆ ಮೂರ್ನಾಲ್ಕು ದಿನದಲ್ಲಿ ಅದು ಕೈಬಿಟ್ಟಂತಾಯಿತು. ಕಾಯಿಲೆ ಮರಳುವುದು ಸಾಮಾನ್ಯವಾಗಿ ವಾರಗಳು ಕಳೆದ ಮೇಲೆ, ನಿಧಾನಕ್ಕೆ, ಹಳೆಯ ಲಕ್ಷಣಗಳನ್ನೇ ಹೊತ್ತು. ಕರೆಂಟ್ ಹೊಡೆತ ಅವರಿಗೆ ಮೊದಲಿರಲಿಲ್ಲ ತಾನೇ?

ಬರೆದುಕೊಟ್ಟ ವೈದ್ಯರನ್ನು ಕೇಳಿ ಮತ್ತೆ ಶುರು ಮಾಡಿ. ಈ ತೊಂದರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಇಳಿಯುತ್ತದೆ. ನಾಲ್ಕು ತಿಂಗಳು ಸಾಲದು. ಮೊದಲ ಸಲದ ಖಿನ್ನತೆಗೆ, ಪೂರ್ತಿ ಗುಣವಾದ ಮೇಲೂ 6ರಿಂದ 9 ತಿಂಗಳು ಅದೇ ಡೋಸ್ ಬೇಕು. ಹುಷಾರಾದ ಹೊತ್ತಲ್ಲೇ ಹೆಚ್ಚಿನವರು ಬಿಡುವುದು, ನಮಗೆ ಸಂಕಟವಾಗುವುದೂ ಅಲ್ಲೇ.

ಪ್ರಶ್ನೆ: ಮುಂದೆ ಬಿಡುವಾಗ ದಿನ ಬಿಟ್ಟು ದಿನ ಕೊಡಬಹುದಾ ಸರ್?

ಉತ್ತರ: ಬೇಡ, ರಕ್ತದಲ್ಲಿ ಇದೇ ಏರಿಳಿತ ಮತ್ತೆ ಶುರುವಾಗುತ್ತದೆ. ದಿನಾ ಕೊಡುತ್ತಲೇ ಪ್ರಮಾಣ ಇಳಿಸಬೇಕು: 10ರಿಂದ 5, ಎರಡರಿಂದ ನಾಲ್ಕು ವಾರ, ಆಮೇಲೆ 5ರ ಮಾತ್ರೆಯಲ್ಲಿ ಅರ್ಧ, ಮತ್ತಷ್ಟೇ ವಾರ. ವೈದ್ಯರು ಅಕ್ಕನನ್ನು ನೋಡಿ ಇದನ್ನು ಹಿಂದೆಮುಂದೆ ಮಾಡಬಹುದು. ಕೊನೆಯ ಮೆಟ್ಟಿಲೇ ಕಷ್ಟ. ಹತ್ತರ ಕೆಲಸದ ಬಹುಪಾಲನ್ನು ಐದೇ ಮಾಡುತ್ತಿರುತ್ತದೆ, ಹಾಗಾಗಿ ಐದರಿಂದ ಸೊನ್ನೆಗೆ ಇಳಿಯುವುದು ಮಿದುಳಿಗೆ ದೊಡ್ಡ ಜಿಗಿತ. ಸುತ್ತು ಬಂದರೆ ಹಿಂದಿನ ಡೋಸ್‌ಗೆ ಮರಳಿ ಇನ್ನೂ ನಿಧಾನಕ್ಕೆ ಇಳಿಸುತ್ತಾರೆ. ಮನೆಯಲ್ಲಿ ಮದುವೆಯೋ ಊರು ಬದಲಾವಣೆಯೋ ಇರುವ ತಿಂಗಳಲ್ಲಿ ಇದಕ್ಕೆ ಕೈಹಾಕಬೇಡಿ.

ಈ ನಡುವೆ ಅಕ್ಕನ ಬಾಯಲ್ಲಿ "ಬದುಕಿದ್ದು ಸಾಕು" ಎಂಬ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಧ್ಯರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.