ಸಹಾಯ ಬೇಕು: ಸೈಕಲ್ ಇಳಿದು ಓಡಲು ಶುರು ಮಾಡಿದರೆ ಹೊಟ್ಟೆ ತೊಳಸುತ್ತದೆ

ನಮಸ್ಕಾರ. ಗೋವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನ್ ಸ್ಪರ್ಧೆಗೆ ತಯಾರಿ ಮಾಡುತ್ತಿದ್ದೇನೆ. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಈಜು ಪರವಾಗಿಲ್ಲ, ನಂದಿ ಬೆಟ್ಟದ ಏರು ಕೂಡ ಈಗ ಮೊದಲಿಗಿಂತ ಸಲೀಸು. ತೊಂದರೆ ಇರುವುದು ಸೈಕಲ್ ಇಳಿದ ಮೇಲೆ. ಮೂರ್ನಾಲ್ಕು ಕಿ.ಮೀ. ಓಡುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿ, ಕುಡಿದ ನೀರೆಲ್ಲ ಒಳಗೇ ಕುಲುಕಾಡಿ, ವಾಂತಿ ಬಂದ ಹಾಗಾಗುತ್ತದೆ. ಸೈಕಲ್ ಮೇಲೆ ತಿನ್ನುವ ಎನರ್ಜಿ ಜೆಲ್ (ಶಕ್ತಿಗೆ ತಿನ್ನುವ ಸಿಹಿ ಪೇಸ್ಟ್) ಅನ್ನೇ ಬರೀ ಓಟದ ದಿನ ತಿಂದರೆ ಏನೂ ಆಗುವುದಿಲ್ಲ!

ಸೈಕಲ್ ಮೇಲೆ ಗಂಟೆಗೆ ಸುಮಾರು 60 ಗ್ರಾಂ ಕಾರ್ಬ್ (ಶಕ್ತಿ ಕೊಡುವ ಸಕ್ಕರೆ, ಪಿಷ್ಟ) ತಗೊಳ್ಳುತ್ತೇನೆ. ಜೆಲ್ ಬದಲು ಖರ್ಜೂರ, ಬಾಳೆಹಣ್ಣು ತಿಂದು ನೋಡಿದೆ, ಜೆಲ್ ಜೊತೆ ಬರೀ ನೀರು ಕುಡಿದೆ, ಬ್ರ್ಯಾಂಡ್ ಕೂಡ ಬದಲಿಸಿದೆ. ಬೆಳಗಿನ ತಂಪಿನಲ್ಲಿ ಸ್ವಲ್ಪ ವಾಸಿ, ಬಿಸಿಲೇರಿದರೆ ಮತ್ತೆ ಅದೇ. ಸೆಕೆಯಲ್ಲಿ ರಕ್ತ ಚರ್ಮಕ್ಕೂ ಕಾಲಿಗೂ ಜಾಸ್ತಿ ಹೋಗಿ ಹೊಟ್ಟೆಗೆ ಕಡಿಮೆಯಾಗುತ್ತದೆ ಅಂತ ಗೊತ್ತು. ಗೋವಾದಲ್ಲಿ ಬೆಂಗಳೂರಿಗಿಂತ ಸೆಕೆ ಜಾಸ್ತಿ ಅಲ್ವಾ, ಅದೇ ಭಯ.

ಸೈಕಲ್‌ನ ಕೊನೆಯ ಅರ್ಧ ಗಂಟೆ ತಿನ್ನುವುದನ್ನು ಬಿಟ್ಟು ಬರೀ ನೀರು ಕುಡಿಯಬೇಕಾ, ಇಲ್ಲಾ ಅಷ್ಟೇ ತಿಂದು ಸೈಕಲ್ ವೇಗ ಇಳಿಸಬೇಕಾ? ತಿನ್ನುವುದು ಬಿಟ್ಟರೆ ಓಟದ ಮಧ್ಯೆ ಶಕ್ತಿ ಸಾಕಾಗುತ್ತದಾ? ಗೋವಾದಲ್ಲಿ ಓಡಿದವರು ಯಾರಾದರೂ ಇದ್ದರೆ, ನೀವು ಏನು ಮಾಡಿದಿರಿ ದಯವಿಟ್ಟು ಹೇಳಿ.